ರಾಜಿ ಮುರಿದ ಮೇಲೆ

2024ರ ಸೆಪ್ಟೆಂಬರಿನಲ್ಲಿ ವಿಚ್ಛೇದನ ಬಯಸಿ ಧಾರವಾಡ ಹೈಕೋರ್ಟ್ ಪೀಠದ ಮುಂದೆ ನಿಂತಿದ್ದ ಗದಗಿನ ದಂಪತಿಗೆ, ಕೊಪ್ಪಳದ ಗವಿಮಠಕ್ಕೆ ಹೋಗಿ ಗವಿಸಿದ್ಧೇಶ್ವರ ಸ್ವಾಮೀಜಿಯವರನ್ನು ಕಂಡು ಬನ್ನಿ ಎಂದರು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್. ಒಳ್ಳೆಯ ಮಾತು. ಸಂಸಾರ ಉಳಿಸಲು ಇನ್ನೊಂದು ಬಾಗಿಲು ತಟ್ಟಿದರೆ ತಪ್ಪೇನಿಲ್ಲ. ಎಲ್ಲ ಬಾಗಿಲು ತಟ್ಟಿದರೂ ಮನಸ್ಸು ಕೂಡದವರ ಪಾಡು ಮಾತ್ರ ನನ್ನನ್ನು ಕಾಡುತ್ತದೆ.

ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಆಗ ಹಿರಿಯರು ಮತ್ತೆ ಕೂಡುತ್ತಾರೆ. ಬಾಂಡ್ ಪೇಪರ್ ಬರುತ್ತದೆ. ‘ಇಂದಿನಿಂದ ನಮ್ಮಿಬ್ಬರಿಗೂ ಸಂಬಂಧವಿಲ್ಲ’ ಎಂಬ ಒಕ್ಕಣೆ, ಗಂಡನ ಸಹಿ, ಹೆಂಡತಿಯ ಹೆಬ್ಬೆಟ್ಟು, ಕೆಳಗೆ ಪಂಚರ ಸಹಿ, ನೋಟರಿಯ ಮುದ್ರೆ. ಒಂದಿಷ್ಟು ದುಡ್ಡು ಕೈಗಿಟ್ಟರೆ ಸೋಡಚೀಟಿ ಆದಂತೆ! ಇದರಷ್ಟು ಅಪಾಯದ ಕಾಗದ ಬೇರೊಂದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಜಾತಿಯ ರೂಢಿಯ ಬಿಡುಗಡೆಯನ್ನು ಒಪ್ಪುತ್ತದೆ, ನಿಜ. ಆದರೆ ಆ ರೂಢಿ ಹಿಂದಿನಿಂದಲೂ ಇದೆಯೆಂದು ಸಾಬೀತು ಮಾಡಬೇಕು. ಆಗದಿದ್ದರೆ ಆ ಚೀಟಿ ನಂಬಿ ಕಟ್ಟಿಕೊಂಡ ಎರಡನೇ ಮದುವೆಯೇ ಅಸಿಂಧು.

ಚೀಟಿ ಬಿಟ್ಟು ಕೋರ್ಟಿನ ದಾರಿ ಹಿಡಿದರೆ, ಅಲ್ಲಿಂದ ಕಳಿಸಿದ ಮಧ್ಯಸ್ಥಿಕೆ ಫಲಿಸದಿದ್ದರೂ ಕಡತ ಮರಳಿ ಕೋರ್ಟಿಗೆ ಹೋಗುತ್ತದೆ, ಅಷ್ಟೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತನ್ನು ಸಾಕ್ಷಿಯಾಗಿ ಬಳಸುವಂತಿಲ್ಲ. ‘ಅಲ್ಲಿ ಹೂಂ ಅಂದುಬಿಟ್ಟೆನಲ್ಲ’ ಎಂದು ಹೆದರಬೇಕಿಲ್ಲ.

ಮೊದಲು ನೋಡಬೇಕಾದ್ದು ಹೊಟ್ಟೆಪಾಡು. ಮೊಕದ್ದಮೆ ವರ್ಷಗಟ್ಟಲೆ ನಡೆದೀತು, ಅಲ್ಲಿಯವರೆಗೆ ತವರಿನಲ್ಲಿ ಕೂತ ಮಗಳು, ಮೊಮ್ಮಗು ಏನು ಉಣ್ಣಬೇಕು? ಮಧ್ಯಂತರ ಜೀವನಾಂಶಕ್ಕೆ ತಡಮಾಡದೆ ಅರ್ಜಿ ಹಾಕಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರಬೇಕು, ಗಂಡ ಹೆಂಡಿರಿಬ್ಬರೂ ಆದಾಯ, ಆಸ್ತಿಯ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ‘ಹಬ್ಬ ಕಳೀಲಿ, ಸುಗ್ಗಿ ಮುಗೀಲಿ’ ಎಂದು ಮುಂದೂಡಿದಷ್ಟೂ ತಿಂಗಳ ಹಕ್ಕು ಕೈತಪ್ಪುತ್ತದೆ. ಗಂಡ ದುಡಿಯಲು ಗೋವೆಗೋ ಬೆಂಗಳೂರಿಗೋ ಗುಳೆ ಹೋಗಿದ್ದರೂ, ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಕೇಳಬಹುದು. ವಕೀಲರ ಫೀಜಿಗೆ ಓಲೆ ಅಡ ಇಡಬೇಕಿಲ್ಲ: 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ಕೊಪ್ಪಳದವರು ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ವರ್ಷದಿಂದ ಬೇರೆಯಿದ್ದು, ಬಿಡುವುದಕ್ಕಾದರೂ ಇಬ್ಬರೂ ಒಪ್ಪಿದರೆ ಪರಸ್ಪರ ಸಮ್ಮತಿಯ ಅರ್ಜಿಯ ದಾರಿ ಇದ್ದೇ ಇದೆ. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಕಂಡರೆ ಕೋರ್ಟ್ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಹಿರಿಯರು ಕೂಡುವುದಿದ್ದರೆ ಇದಕ್ಕಾಗಿ ಕೂಡಲಿ. ಮದುವೆಯಲ್ಲಿ ಹಾಕಿದ ಬಂಗಾರ ಯಾವಾಗ ಮರಳಬೇಕು, ಶಾಲೆಯ ಫೀ ಯಾರು ಕಟ್ಟಬೇಕು, ಪಂಚಮಿಗೆ, ದೀಪಾವಳಿಗೆ ಮಗು ಯಾರ ಮನೆಯಲ್ಲಿರಬೇಕು ಎಂಬುದನ್ನೆಲ್ಲ ಬರೆಸಿ, ಆ ಕಾಗದವನ್ನು ನ್ಯಾಯಾಧೀಶರ ಮುಂದಿಡಲಿ.