ಅಳೆಯುವ ಕೈಗೆ ತಡೆಯುವ ಅಧಿಕಾರ ಬೇಕು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಒಂದು ಬದಿಗೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕೈಗಾರಿಕಾ ಪ್ರದೇಶಗಳಿವೆ. ಇನ್ನೊಂದು ಬದಿಗೆ, ಗಡಿಯಾಚೆ, ಕೊಲ್ಹಾಪುರದ ಶಿರೋಲಿ ಮತ್ತು ಗೋಕುಳ ಶಿರಗಾಂವ. ಎರಡೂ ಕಡೆ ಫೌಂಡ್ರಿಗಳು ವಾಹನ, ಪಂಪ್ ಹಾಗೂ ವಾಲ್ವ್‌ಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತವೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಈ ಭಾಗದ ಯುವಕರಿಗೆ ಅಲ್ಲಿರುವ ಕೆಲಸಗಳಲ್ಲಿ ಎರಕದ ಅಳತೆ ತಪಾಸಣೆಯೂ ಒಂದು.

ಹೊರನೋಟಕ್ಕೆ ಇದು ಹಗುರವಾದ ಕೆಲಸ. ವಾಸ್ತವ ಬೇರೆ. ಕರಗಿದ ಬೀಡುಕಬ್ಬಿಣ ಗಟ್ಟಿಯಾಗಿ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ, 300 ಮಿ.ಮೀ. ಉದ್ದದ ಭಾಗದಲ್ಲಿ ಇದು 3 ಮಿ.ಮೀ. ಆಗುತ್ತದೆ. ಈ ಲೆಕ್ಕ ಹಿಡಿದೇ ಪ್ಯಾಟರ್ನ್ ತಯಾರಿಸಲಾಗುತ್ತದೆ. ಆದರೆ ಪ್ಯಾಟರ್ನ್ ಸವೆದರೆ, ಅಚ್ಚಿನ ಎರಡು ಪೆಟ್ಟಿಗೆಗಳು ಸರಿಯಾಗಿ ಕೂಡದಿದ್ದರೆ ಅಥವಾ ಒಳಗಿನ ಕೋರ್ ಜರುಗಿದರೆ ಅಳತೆ ತಪ್ಪುತ್ತದೆ. ಆ ತಪ್ಪು ಒಂದು ಭಾಗಕ್ಕೆ ನಿಲ್ಲದೆ ಇಡೀ ಲಾಟ್‌ಗೆ ಹರಡಬಹುದು. ಮೊದಲ ಭಾಗದಲ್ಲೇ ಹೈಟ್ ಗೇಜ್, ವರ್ನಿಯರ್ ಹಿಡಿದವನು ಅದನ್ನು ಗುರುತಿಸಿದರೆ ನಷ್ಟ ಅಲ್ಪ. ಗ್ರಾಹಕರ ಯಂತ್ರಶಾಲೆಯಲ್ಲಿ ಪತ್ತೆಯಾದರೆ ಮಾಲು ಹಿಂದಕ್ಕೆ ಬರುತ್ತದೆ. ಲೋಹವನ್ನು ಮತ್ತೆ ಕರಗಿಸಬಹುದು. ವ್ಯಯವಾದ ವಿದ್ಯುತ್, ಶ್ರಮ ಮತ್ತು ಕಳೆದುಕೊಂಡ ನಂಬಿಕೆ ಮರಳಿ ಬಾರದು.

ಹೀಗಾಗಿ ಪ್ರಶ್ನೆ ಉಪಕರಣದ್ದಲ್ಲ, ಅಧಿಕಾರದ್ದು. ವಾಹನೋದ್ಯಮಕ್ಕಾಗಿ 2016ರಲ್ಲಿ ಪ್ರಕಟವಾದ ಐಎಟಿಎಫ್ 16949 ಮಾನದಂಡವು, ಗುಣಮಟ್ಟದ ಹೊಣೆ ಹೊತ್ತವರಿಗೆ ಉತ್ಪಾದನೆಯನ್ನೂ ರವಾನೆಯನ್ನೂ ನಿಲ್ಲಿಸುವ ಅಧಿಕಾರವಿರಬೇಕು ಎನ್ನುತ್ತದೆ. ಆದರೆ ದಿನದ ಟನ್ ಲೆಕ್ಕಕ್ಕೆ ಉತ್ತರ ಹೇಳಬೇಕಾದ ಮೇಲಧಿಕಾರಿಯ ಕೈಯಲ್ಲೇ ತಪಾಸಣೆಗಾರನ ನೌಕರಿಯ ನವೀಕರಣವೂ ಇದ್ದರೆ, ಆ ಅಧಿಕಾರ ಕಾಗದದಲ್ಲಷ್ಟೇ ಉಳಿಯುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಕಾಯಂ ನೌಕರರಿಗೆ ಸಮನಾದ ಸೌಲಭ್ಯ ಹಾಗೂ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿ ನೀಡುತ್ತವೆ. ಇದು ಸ್ವಾಗತಾರ್ಹ. ಆದರೂ ಅವಧಿ ಮುಗಿದ ನಂತರದ ಅಭದ್ರತೆ ಇದರಿಂದ ನೀಗದು.

ಪರಿಹಾರ ದುಬಾರಿಯೇನಲ್ಲ. ತಪಾಸಣಾ ವಿಭಾಗ ಉತ್ಪಾದನಾ ವಿಭಾಗದ ಅಧೀನದಲ್ಲಿರದೆ ನೇರವಾಗಿ ಆಡಳಿತಕ್ಕೆ ವರದಿ ಮಾಡಲಿ. ತಿರಸ್ಕರಿಸಿದ ಲಾಟ್ ಅನ್ನು ಮತ್ತೆ ಒಪ್ಪಿಕೊಳ್ಳುವವರು ಕಾರಣ ಬರೆದು ಸಹಿ ಹಾಕಲಿ. 'ಇದು ಹೋಗಕೂಡದು' ಎನ್ನುವ ಹುಡುಗನ ಮಾತಿಗೆ ಬೆಲೆ ಇರುವಲ್ಲಿ ಮಾತ್ರ ಆ ಕಾರ್ಖಾನೆಯ ಮಾಲಿಗೂ ಬೆಲೆ ಉಳಿದೀತು.