ಭಾರೀ ಸರಕು ವಾಹನಗಳಲ್ಲಿ ಹೈಬ್ರಿಡ್ ವ್ಯವಸ್ಥೆ: ಡೀಸೆಲ್ ಉಳಿತಾಯದ ಸಾಧ್ಯತೆ ಮತ್ತು ಮಿತಿಗಳು

ಲಾರಿಯ ನಿರ್ವಹಣೆಯಲ್ಲಿ ಡೀಸೆಲ್ ವೆಚ್ಚವು ಪ್ರಮುಖವಾದುದು. ಇದನ್ನು ತಗ್ಗಿಸಲು ಡೀಸೆಲ್ ಎಂಜಿನ್ನಿನೊಂದಿಗೆ ವಿದ್ಯುತ್ ಮೋಟಾರು ಹಾಗೂ ಬ್ಯಾಟರಿಯನ್ನು ಜೋಡಿಸುವುದೇ ಹೈಬ್ರಿಡ್ ವ್ಯವಸ್ಥೆ. ಇದಕ್ಕೆ ಹಣ ಹೂಡುವ ಮುನ್ನ ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿಶ್ಲೇಷಿಸಲಾಗಿದೆ.

1. ಉಳಿತಾಯದ ಮೂಲ
ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ 28 ಟನ್ ತೂಕದ ಲಾರಿಯನ್ನು ಬ್ರೇಕ್ ಹಾಕಿ ನಿಲ್ಲಿಸಿದಾಗ, ಸುಮಾರು 0.75 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯು ಬಹುತೇಕ ಶಾಖವಾಗಿ ವ್ಯರ್ಥವಾಗುತ್ತದೆ. ಘಟ್ಟದಲ್ಲಿ ಅದೇ ಲಾರಿಯು ಪ್ರತಿ 100 ಮೀಟರ್ ಎತ್ತರ ಇಳಿದಾಗ ಸುಮಾರು 7.6 ಯೂನಿಟ್‌ನಷ್ಟು ಶಕ್ತಿಯು ಬಿಡುಗಡೆಯಾಗುತ್ತದೆ. ಹೈಬ್ರಿಡ್ ವಾಹನದ ಮೋಟಾರು ಇದರಲ್ಲಿ ಒಂದು ಭಾಗವನ್ನು ಬ್ಯಾಟರಿಗೆ ತುಂಬಿ, ಮರಳಿ ವೇಗ ಪಡೆಯುವಾಗ ಬಳಸುತ್ತದೆ. ಬ್ಯಾಟರಿ ತುಂಬಿದ ನಂತರ ಉಳಿದ ಶಕ್ತಿಯು ದೊರೆಯುವುದಿಲ್ಲ.

2. ಯಾರಿಗೆ ಅನುಕೂಲ
ಪದೇ ಪದೇ ನಿಂತು ಹೊರಡುವ ಕಸ ಸಾಗಣೆ ಹಾಗೂ ನಗರ ವಿತರಣಾ ವಾಹನಗಳಿಗೆ, ಶಿರಾಡಿಯಂತಹ ಘಟ್ಟ ಮಾರ್ಗಗಳಲ್ಲಿ ಸಂಚರಿಸುವ ಲಾರಿಗಳಿಗೆ ಈ ವ್ಯವಸ್ಥೆಯು ಉಪಯುಕ್ತ. ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಲಾರಿಯ ಇಂಧನವು ಮುಖ್ಯವಾಗಿ ಗಾಳಿಯ ತಡೆ ಮತ್ತು ಟಯರುಗಳ ಘರ್ಷಣೆಗೆ ವ್ಯಯವಾಗುತ್ತದೆ. ಇದನ್ನು ಮರಳಿ ಪಡೆಯಲಾಗದು. ಅಂತಹ ವಾಹನಗಳಿಗೆ ಟಯರಿನ ಸರಿಯಾದ ಗಾಳಿಯ ಒತ್ತಡ ಹಾಗೂ ಮಿತವೇಗವೇ ಸುಲಭ ಉಪಾಯ.

3. ಸರ್ಕಾರದ ನೀತಿ
12 ಟನ್‌ಗಿಂತ ಹೆಚ್ಚು ತೂಕದ ಡೀಸೆಲ್ ವಾಹನಗಳಿಗೆ 2017ರಲ್ಲಿ ಪ್ರಕಟಿಸಲಾದ ಇಂಧನ ಬಳಕೆ ಮಾನದಂಡವು ಗಂಟೆಗೆ 40 ಹಾಗೂ 60 ಕಿ.ಮೀ. ಸ್ಥಿರ ವೇಗದ ಪರೀಕ್ಷೆಯನ್ನು ಆಧರಿಸಿದೆ. ಸ್ಥಿರ ವೇಗದಲ್ಲಿ ಬ್ರೇಕ್ ಬಳಕೆ ಇಲ್ಲದಿರುವುದರಿಂದ ಹೈಬ್ರಿಡ್‌ನ ಪ್ರಯೋಜನವು ಇದರಲ್ಲಿ ಗೋಚರಿಸದು. 2024ರ ಪಿಎಂ ಇ-ಡ್ರೈವ್ ಯೋಜನೆಯಡಿ 2025ರಲ್ಲಿ ಪ್ರಕಟಿಸಲಾದ, ಗರಿಷ್ಠ 9.6 ಲಕ್ಷ ರೂಪಾಯಿಗಳ ಪ್ರೋತ್ಸಾಹಧನವು ವಿದ್ಯುತ್ ಚಾಲಿತ ಟ್ರಕ್ಕುಗಳಿಗಾಗಿ ಇರುತ್ತದೆ. ಡೀಸೆಲ್ ಹೈಬ್ರಿಡ್ ಲಾರಿಗೆ ಈ ನೆರವು ದೊರೆಯುವುದೆಂದು ಲೆಕ್ಕ ಹಾಕತಕ್ಕದ್ದಲ್ಲ.

4. ಅರ್ಜಿದಾರರ ಗಮನಕ್ಕೆ
(ಅ) ಬಳಕೆಯಲ್ಲಿರುವ ಲಾರಿಗೆ ಹೈಬ್ರಿಡ್ ಕಿಟ್ ಅಳವಡಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಮೇರೆಗೆ ವಾಹನದ ಮಾರ್ಪಾಡು ಎನಿಸುತ್ತದೆ. ಅನುಮೋದಿತ ಕಿಟ್‌ಗಳನ್ನು ಮಾತ್ರ ಬಳಸತಕ್ಕದ್ದು.
(ಆ) ಮುಂಗಡ ಹಣ ಪಾವತಿಸುವ ಮುನ್ನವೇ ಕಿಟ್‌ನ ಅನುಮೋದನಾ ಪತ್ರವು ತಮ್ಮ ವಾಹನದ ಮಾದರಿಗೆ ಅನ್ವಯಿಸುವುದೇ ಎಂದು ಪರಿಶೀಲಿಸಿ, ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯುವುದು.
(ಇ) ಮಾರ್ಪಾಡಾದ 14 ದಿನಗಳೊಳಗೆ ವರದಿ ಸಲ್ಲಿಸಿ, ನೋಂದಣಿ ಪತ್ರದಲ್ಲಿ ವಿವರಗಳನ್ನು ದಾಖಲಿಸಿಕೊಳ್ಳುವುದು.
(ಈ) ಕಿಟ್‌ನ ತೂಕವು ವಾಹನದ ಒಟ್ಟು ತೂಕದ ಮಿತಿಯೊಳಗೇ ಸೇರುವುದರಿಂದ, ಅಷ್ಟರಮಟ್ಟಿಗೆ ಸರಕಿನ ಪ್ರಮಾಣವು ಕಡಿಮೆಯಾಗುತ್ತದೆ. ಈ ಬಾಡಿಗೆ ನಷ್ಟವನ್ನು ಡೀಸೆಲ್ ಉಳಿತಾಯದಿಂದ ಕಳೆದ ಮೇಲೆ ಉಳಿಯುವ ಮೊತ್ತವೇ ನಿಜವಾದ ಲಾಭ.