ಒಳ್ಳೆಯ ಮಕ್ಕಳ ಡಾಕ್ಟರು ಯಾರು?

“ಇದೆಂಥ ಡಾಕ್ಟರು ಮಾರಾಯರೇ! ಒಂದು ಸೂಜಿ ಚುಚ್ಚಲಿಲ್ಲ. ಬರೇ ಪುಡಿ ಪೊಟ್ಟಣ ಕೊಟ್ಟು ಕಳುಹಿಸಿದರು.” ಮಗುವಿಗೆ ಭೇದಿಯಾಗಿ ದವಾಖಾನೆಗೆ ಹೋಗಿ ಬಂದ ನಮ್ಮ ಬಾಂಧವರ ಬಾಯಿಂದ ಈ ದೂರನ್ನು ಎಷ್ಟೋ ಸಲ ಕೇಳಿದ್ದೇನೆ. ಸಲೈನ್ ಬಾಟಲಿ ಏರಿಸಿ, ಅರ್ಧ ತಿಂಗಳ ಸಂಬಳ ತೆಗೆದುಕೊಂಡವರೇ ದೊಡ್ಡ ಡಾಕ್ಟರೆಂದು ನಮ್ಮಲ್ಲಿ ಅನೇಕರ ನಂಬಿಕೆ. ಈ ನಂಬಿಕೆ ತಪ್ಪು. ಆ ಪೊಟ್ಟಣದ ಹಿಂದೆ ಒಬ್ಬ ಮಕ್ಕಳ ಡಾಕ್ಟರರ ದೊಡ್ಡ ಸೇವೆಯಿದೆ.

ಅವರು ಕಲ್ಕತ್ತೆಯ ಡಾ. ದಿಲೀಪ್ ಮಹಲನಬಿಸ್. 1971ರಲ್ಲಿ ಆಗಿನ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದರು. ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಯೇ ಬಿದ್ದಿದ್ದರು. ಸಲೈನ್ ಮುಗಿಯುತ್ತ ಬಂದಿತ್ತು. ಅದನ್ನು ಏರಿಸಬಲ್ಲ ಕೈಗಳೂ ಸಾಲದಾಗಿದ್ದವು. ಆಗ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡದಂತೆ ಬೆರೆಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ. ಈ ಸಂಗತಿ ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಆದರೆ ಓದುಬರಹವಿಲ್ಲದ ತಾಯಿಯೂ ಈ ಔಷಧಿ ಕೊಡಬಲ್ಲಳೆಂದು ನಂಬಿ ನಡೆದದ್ದೇ ಇವರ ದೊಡ್ಡಸ್ತಿಕೆ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಇಂದಿನ ಓ.ಆರ್.ಎಸ್. ಪೊಟ್ಟಣ ಆ ದಾರಿಯಲ್ಲೇ ಬಂದುದು. ಅವರು 2022ರಲ್ಲಿ ತೀರಿಕೊಂಡರು. ಸರಕಾರದ ಪದ್ಮವಿಭೂಷಣ ಬಂದುದು 2023ರಲ್ಲಿ.

ಇಂಥ ಡಾಕ್ಟರರು ಇಂದಿಗೂ ಇದ್ದಾರೆ. ಓ.ಆರ್.ಎಸ್. ಎಂಬ ಹೆಸರು ಹಚ್ಚಿಕೊಂಡು ಬರೇ ಸಿಹಿ ಪಾನಕ ಮಾರುವ ವ್ಯಾಪಾರದ ವಿರುದ್ಧ ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ಎಂಟು ವರ್ಷ ಹೋರಾಡಿದರು. 2025ರ ಅಕ್ಟೋಬರದಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು. ಒಬ್ಬಂಟಿ ಹೆಂಗಸು ಕಂಪೆನಿಗಳ ಎದುರು ನಿಂತು ಗೆದ್ದುದು ಸಂಘಟಿತರಾದ ನಮಗೂ ಪಾಠವಲ್ಲವೆ?

ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬ ಹಳೆಯ ಮಾತನ್ನು ಬಿಡಿರಿ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಪುಡಿಯನ್ನೆಲ್ಲ ಕದಡಿ ಚಮಚ ಚಮಚವಾಗಿ ಕುಡಿಸಿರಿ. ಎದೆಹಾಲು ನಿಲ್ಲಿಸಬೇಡಿರಿ. ಡಾಕ್ಟರು ಹೇಳಿದ ಜಿಂಕ್ ಮಾತ್ರೆಯನ್ನು, ಭೇದಿ ನಿಂತಿತೆಂದು, ನಡುವೆ ಬಿಡಬೇಡಿರಿ. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಳಿಗೆ ತಡಮಾಡದೆ ಆಸ್ಪತ್ರೆಗೆ ಓಡಿರಿ. ಬಾಟಲಿಯ ಅಗತ್ಯ ಬೀಳುವುದು ಆಗಲೇ.

ಸಂಘದ ಪ್ರತಿ ಶಾಖೆಯಲ್ಲೂ ಹತ್ತು ಪೊಟ್ಟಣ ಸದಾ ಇರಲಿ. ಹೋಟೆಲ್ ಕೋಣೆಯಲ್ಲೂ ಗಿರಣಿ ಚಾಳಿನಲ್ಲೂ ಇದನ್ನು ಓದಿ ಹೇಳಿರಿ. ಮುಂದಿನ ಸಲ ಡಾಕ್ಟರು ಸೂಜಿ ಚುಚ್ಚದೆ, ಪೊಟ್ಟಣ ಕೊಟ್ಟು ಕುಡಿಸುವ ಕ್ರಮವನ್ನು ಸಾವಧಾನವಾಗಿ ವಿವರಿಸಿದರೆ ಗೊಣಗಬೇಡಿರಿ. ಪೂರ್ತಿ ಕೇಳಿ, ಕೈ ಮುಗಿದು ಬನ್ನಿರಿ. ನಿಮ್ಮ ಮಗುವಿಗೆ ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ.